ಕೂದಲೆಳೆಯಷ್ಟು ಹಿಂದೆ

ಆಗಸ್ಟ್ 5, ಬುಧವಾರ

ಈ ಪುಸ್ತಕ ಅತ್ತಿಗೆ ಕೊಟ್ಟದ್ದು. ಪುಟಕ್ಕೊಂದು ತಾರೀಕು ಅಚ್ಚಾಗಿದೆ. "ಬಾಯಲ್ಲಿ ಹೇಳೋಕಾಗದ್ದನ್ನ ಇದರಲ್ಲಾದ್ರೂ ಬರಿ ಬಾಯಿಲ್ಲದೋಳೇ, ಇಲ್ಲದಿದ್ರೆ ಮಾತು ಹೊಟ್ಟೆ ಒಳಗೇ ಕೊಳೆತು ಹೋಗುತ್ತೆ" ಎಂದಿದ್ದರು. ಏಳು ತಿಂಗಳು ಖಾಲಿ ಇತ್ತು. ನಾಲ್ಕನೇ ತರಗತಿ ಓದುವಾಗ ಅಮ್ಮ ಹಾಸಿಗೆ ಹಿಡಿದರು, ನಾನು ಶಾಲೆ ಬಿಟ್ಟೆ. ಅಕ್ಷರ ಮರೆತಿಲ್ಲ. ನಿಧಾನ, ಅಷ್ಟೇ.

ಇವತ್ತು ಬರೆಯಲೇಬೇಕಾಯಿತು. ಸಂಜೆ ಹಾಡಿನ ಅಭ್ಯಾಸ ಮುಗಿದ ಮೇಲೆ ಮೇಷ್ಟ್ರು ತಾಳ ತೋರಿಸುವ ಕೋಲನ್ನು ಜೇಬಿಗೆ ಸಿಕ್ಕಿಸಿಕೊಂಡು ಹೇಳಿದರು. "ಅಕ್ಟೋಬರ್ ಹನ್ನೊಂದಕ್ಕೆ ನಮ್ಮ ಚರ್ಚಿಗೆ ನೂರು ವರ್ಷ. ಆವತ್ತು ಈ ದೊಡ್ಡ ಹಾಡು, ನಲವತ್ತು ನಿಮಿಷ. ಸುಮ್ನೆ ಬಾಯಿ ತೆರೆದು ಮುಚ್ಚೋರು ನನಗೆ ಬೇಡ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಒಬ್ಬೊಬ್ಬರನ್ನೇ ಕರೆದು ಹಾಳೆ ನೋಡಿ ಹಾಡಿಸ್ತೀನಿ. ಓದಿ ಹಾಡೋಕೆ ಬಂದೋರು ಗಾಯಕರ ಮೆಟ್ಟಿಲ ಮೇಲೆ. ಬರದೇ ಇದ್ದೋರು ಕೆಳಗೆ ಬೆಂಚಲ್ಲಿ ಕೂತು ಹಾಡಲಿ, ದೇವರೇನೂ ಬೇಡ ಅನ್ನಲ್ಲ."

ನೂರಿಪ್ಪತ್ತು ಜನ ನಕ್ಕರು. ಅವರ ಜೊತೆ ನಾನೂ ನಕ್ಕೆ.

ನನಗೆ ಸ್ವರ ಬರೆದ ಹಾಳೆ ಓದಲು ಬರುವುದಿಲ್ಲ. ಇದು ಯಾರಿಗೂ ಗೊತ್ತಿಲ್ಲ. ಐದು ಗೆರೆ, ಗೆರೆಗಳ ಮೇಲೆ ಕಪ್ಪು ಬೊಟ್ಟುಗಳು. ಮೂರು ವರ್ಷದಿಂದ ಅದನ್ನು ಹಿಡಿದುಕೊಂಡು, ಬೇರೆಯವರು ಪುಟ ತಿರುಗಿಸಿದಾಗ ತಿರುಗಿಸುತ್ತ ನಿಂತಿದ್ದೇನೆ. ನಾನು ಹಾಡುವುದು ನನ್ನ ಎಡಗಡೆ ನಿಲ್ಲುವ ಗಡಿಯಾರದಮ್ಮನ ದನಿ ಹಿಡಿದು. ಅವರ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು, ಈಗಿಲ್ಲ. ಗಡಿಯಾರದಮ್ಮ ಹಾಳೆ ನೋಡುತ್ತಾರೆ, ದನಿ ಎತ್ತುತ್ತಾರೆ, ಅವರು ಕಾಲಿಟ್ಟ ಕಡೆ ನಾನು ಕಾಲಿಡುತ್ತೇನೆ. ಕೂದಲೆಳೆಯಷ್ಟು ಹಿಂದೆ. ಅಷ್ಟು ಸಣ್ಣ ಅಂತರ ಯಾರ ಕಿವಿಗೂ ಬೀಳದು.

ಒಬ್ಬಳೇ ನಿಂತರೆ ಯಾರ ಹಿಂದೆ ಹೋಗಲಿ?

ಆಗಸ್ಟ್ 8, ಶನಿವಾರ

ದೊಡ್ಡ ಹಾಡಿನ ಕೊನೆಯಲ್ಲಿ ಒಂದು ಆಮೆನ್ ಇದೆ. ಕೆಳದನಿಯ ಹೆಂಗಸರಾದ ನಾವು ಅದನ್ನು ಒಂದೇ ಸ್ವರದಲ್ಲಿ ಹಿಡಿದಿರಬೇಕು. ಮಿಕ್ಕವರು ಅದರ ಸುತ್ತ ಏರುತ್ತಾರೆ, ಇಳಿಯುತ್ತಾರೆ, ನಾವು ಅಲ್ಲಾಡಬಾರದು. ಒಂದು ನಿಮಿಷಕ್ಕಿಂತ ಹೆಚ್ಚು. ಯಾರ ಎದೆಯಲ್ಲೂ ಅಷ್ಟು ಗಾಳಿ ಇರುವುದಿಲ್ಲ.

"ಉಸಿರು ತಗೊಳ್ಳಿ, ಆದ್ರೆ ಪಕ್ಕದೋರು ತಗೊಳ್ಳುವಾಗ ತಗೋಬೇಡಿ" ಎಂದರು ಮೇಷ್ಟ್ರು. "ಕೇಳೋರಿಗೆ ನೀವು ಉಸಿರಾಡ್ತೀರಿ ಅನ್ನೋದೇ ಗೊತ್ತಾಗಬಾರದು."

ಗಡಿಯಾರದಮ್ಮನಿಗೂ ನನಗೂ ಇದಕ್ಕೊಂದು ಹಳೆಯ ಒಪ್ಪಂದ ಇದೆ. ಉಸಿರು ಮುಗಿಯುತ್ತ ಬಂದವರು ಮೊಣಕೈಯಿಂದ ಇನ್ನೊಬ್ಬರ ಮೊಣಕೈಯನ್ನು ಮೆಲ್ಲಗೆ ತಾಗಿಸಬೇಕು. ಆಗ ಇನ್ನೊಬ್ಬರು ಬಿಗಿಹಿಡಿಯುತ್ತಾರೆ, ತಾಗಿಸಿದವರು ಎಳೆದುಕೊಳ್ಳುತ್ತಾರೆ.

ಇವತ್ತು ಆಮೆನ್ ನಡುವೆ ನನಗೆ ವಿಚಿತ್ರವೆನಿಸಿತು. ನಾನು ನಿಲ್ಲಿಸಿ ಗಾಳಿ ಎಳೆದುಕೊಳ್ಳುವಾಗಲೂ ಸ್ವರ ನನ್ನ ಎದೆಯೊಳಗೆ ನಡುಗುತ್ತಲೇ ಇತ್ತು. ಯಾವುದೋ ದೊಡ್ಡ ಪ್ರಾಣಿ ಮಲಗಿದೆ, ಅದರ ಹೊಟ್ಟೆಯ ಮೇಲೆ ನಾವೆಲ್ಲ ಒರಗಿಕೊಂಡಿದ್ದೇವೆ, ಅದೇ ನಮಗಾಗಿ ಉಸಿರಾಡುತ್ತಿದೆ ಎನಿಸಿತು.

ಆಗಸ್ಟ್ 16, ಭಾನುವಾರ

ಬೆಳಗಿನ ಆರಾಧನೆ. ಬಣ್ಣದ ಗಾಜಿನಿಂದ ಬಿಸಿಲು ಬಂದು ಎಲ್ಲರ ಬಿಳಿ ನಿಲುವಂಗಿಗಳ ಮೇಲೆ ಬಿತ್ತು. ಆ ನಿಲುವಂಗಿಗಳನ್ನೆಲ್ಲ ಇಸ್ತ್ರಿ ಮಾಡುವವಳು ನಾನೇ. ಚರ್ಚಿನ ಬಟ್ಟೆ ನಾನು ಕೆಲಸ ಮಾಡುವ ಲಾಂಡ್ರಿಗೇ ಬರುತ್ತದೆ. ಯಾವ ಕಾಲರಿನಲ್ಲಿ ಯಾರ ಬೆವರು, ಯಾರ ತೋಳಿನಲ್ಲಿ ಶಾಯಿ ಎಂದು ಮುಖಕ್ಕಿಂತ ಮೊದಲು ಬಟ್ಟೆಯಿಂದ ಗುರುತಿಸುತ್ತೇನೆ. ಇವತ್ತು ಅವೆಲ್ಲ ನೀಲಿಯಾದವು, ಆಮೇಲೆ ಕೆಂಪಾದವು. ಹಾಡುತ್ತ ಹಾಡುತ್ತ ನನ್ನ ದನಿ ಎಲ್ಲಿದೆ ಎಂದು ಹುಡುಕಿದೆ. ಸಿಗಲಿಲ್ಲ. ಬಕೆಟ್ಟಿಗೆ ಸುರಿದ ಲೋಟದ ನೀರನ್ನು ಹುಡುಕಿದ ಹಾಗಾಯಿತು.

ನನಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ. ಕಣ್ಣು ಮುಚ್ಚಿದರೆ ಮಾತು ಸಿಗುವುದಿಲ್ಲ. ಅತ್ತಿಗೆ ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ದೇವರ ಹತ್ತಿರ ಮಾತಾಡುತ್ತಾರೆ, ಮಧ್ಯೆ ಎದ್ದು ಒಲೆ ಆರಿಸಿ ಬಂದು ಮುಂದುವರಿಸುತ್ತಾರೆ. ನಾನು ಟಿಕೆಟ್ ಇಲ್ಲದವಳು ಗುಂಪಿನಲ್ಲಿ ನುಸುಳಿದ ಹಾಗೆ, ಹಾಡಿನ ಸಂದಣಿಯಲ್ಲಿ ಸೇರಿಕೊಂಡು ಒಳಗೆ ಹೋಗಿಬಿಡುತ್ತೇನೆ. ಮೆಟ್ಟಿಲಿನಿಂದ ಇಳಿಸಿದರೆ ನನಗೆ ಒಳಗೆ ಹೋಗುವ ಬೇರೆ ಬಾಗಿಲು ಗೊತ್ತಿಲ್ಲ.

ಆಗಸ್ಟ್ 19, ಬುಧವಾರ

ಇಡೀ ದಿನ ಹೋಟೆಲಿನ ಹಾಸಿಗೆ ಬಟ್ಟೆ. ಉಗಿಯಲ್ಲಿ ಎದುರಿನ ಗೋಡೆ ಕಾಣಿಸುತ್ತಿರಲಿಲ್ಲ. ಹೋಟೆಲಿನ ವ್ಯಾನಿನವನು ತಡವಾಯಿತೆಂದು ಕೂಗಾಡಿದ. ತಪ್ಪು ಅವನದೇ. ಹೇಳಲಿಲ್ಲ.

ಆಗಸ್ಟ್ 26, ಬುಧವಾರ

ಮೇಷ್ಟ್ರು ಇವತ್ತು ಒಂದೇ ಕಡೆ ಐದು ಸಲ ನಿಲ್ಲಿಸಿದರು. ಮೂರನೇ ಚರಣದಲ್ಲಿ ಕೆಳದನಿಯವರು ಸ್ವರದಲ್ಲಿ ಒಂದು ಮೆಟ್ಟಿಲು ಇಳಿಯುವ ಜಾಗ.

"ಎರಡನೇ ಸಾಲು, ಕಿಟಕಿ ಕಡೆ. ಅಲ್ಲೇನೋ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಸಿಗ್ತಾ ಇದೆ" ಎಂದು ಕಿವಿಯನ್ನು ಮುಂದಕ್ಕೆ ಚಾಚಿಕೊಂಡು ನಮ್ಮ ಸಾಲಿನ ಮುಂದೆ ನಡೆದರು. ಅವರು ಹತ್ತಿರ ಬಂದಾಗ ನಾನು ದನಿ ಸಣ್ಣ ಮಾಡಿದೆ. ಕಲ್ಲು ಸಿಗಲಿಲ್ಲ.

ಆ ಜಾಗದಲ್ಲಿ ಸುತ್ತಲಿನವರು ಇಳಿದದ್ದು ನನಗೂ ಕೇಳಿಸಿದೆ. ಆದರೆ ಗಡಿಯಾರದಮ್ಮ ಇಳಿಯುವುದಿಲ್ಲ, ಅದಕ್ಕೆ ನಾನೂ ಇಳಿಯುವುದಿಲ್ಲ. ನಲವತ್ತು ವರ್ಷ ಹಾಡಿದವರು ತಪ್ಪುತ್ತಾರೆಯೇ? ಅವರ ಹಾಡನ್ನು ನಾನೇ ಸರಿಯಾಗಿ ಹಿಡಿಯುತ್ತಿಲ್ಲ. ಕಲ್ಲು ನಾನೇ.

ಆಗಸ್ಟ್ 29, ಶನಿವಾರ

ಬರೆಯಲು ಕೈ ಓಡುತ್ತಿಲ್ಲ, ಆದರೂ ಎಲ್ಲ ಬರೆಯಬೇಕು.

ಇವತ್ತು ನಾನು ಹಾಡಲಿಲ್ಲ. ಬಾಯಿ ಮಾತ್ರ ಆಡಿಸಿದೆ. ಕಲ್ಲು ತೆಗೆದರೆ ಹಾಡು ಸರಿಹೋಗುತ್ತದೆ ಎಂದುಕೊಂಡೆ. ಮೂರು ಸಾಲು ದಾಟುವಷ್ಟರಲ್ಲಿ ಗಡಿಯಾರದಮ್ಮನ ದನಿ ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ತಡಕುವ ಕೈಯ ಹಾಗೆ ಅತ್ತಿತ್ತ ಹೋಯಿತು. ಆಮೇಲೆ ನಿಂತೇಬಿಟ್ಟಿತು. ಉಸಿರಿನ ಹೊತ್ತಲ್ಲದ ಹೊತ್ತಿನಲ್ಲಿ ಅವರ ಮೊಣಕೈ ನನ್ನನ್ನು ಒಂದು ಸಲ, ಎರಡು ಸಲ, ಮೂರು ಸಲ ತಿವಿಯಿತು.

ಅಭ್ಯಾಸ ಮುಗಿದ ಮೇಲೆ ಹೊರಗೆ ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ಕೂರಿಸಿಕೊಂಡರು, ತಮ್ಮ ಬಲಗಡೆಗೆ.

"ಯಾಕೆ ಹಾಡಲಿಲ್ಲ?"

"ಹಾಡಿದೆ ಅಮ್ಮ."

"ಸುಳ್ಳು ಹೇಳ್ಬೇಡ. ನೀನು ಹಾಡದೇ ಇದ್ರೆ ನನಗೆ ಹಾಡೇ ಇಲ್ಲ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಯಾರಿಗೂ ಹೇಳ್ಬೇಡ ಕಣೇ. ಎಡಗಿವಿ ಸತ್ತು ಎರಡು ವರ್ಷ ಆಯ್ತು. ಬಲಗಿವಿಗೆ ತೀರಾ ಹತ್ತಿರದ್ದು ಮಾತ್ರ ಕೇಳುತ್ತೆ. ಆರ್ಗನ್ನು ಒಂದು ಗುಂಯ್ ಅನ್ನೋ ಸದ್ದು, ಅಷ್ಟೇ. ನನ್ನ ಬಲಗಡೆ ಇರೋಳು ನೀನು. ನಿನ್ನ ದನಿ ಹಿಡ್ಕೊಂಡೇ ಹಾಡ್ತಾ ಇದೀನಿ. ನಿನಗಿಂತ ಒಂಚೂರು ಹಿಂದೆ."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ನನ್ನದನ್ನೂ ಹೇಳಿಬಿಟ್ಟೆ. ಹಾಳೆ ಬರುವುದಿಲ್ಲ, ನಾನೂ ಮೂರು ವರ್ಷದಿಂದ ನಿಮ್ಮ ಹಿಂದೆಯೇ ಎಂದೆ. ಅವರಿಗೆ ಕೇಳಿಸದೆ ಇನ್ನೊಮ್ಮೆ, ಜೋರಾಗಿ ಹೇಳಿದೆ. ಇಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿದ್ದಿಲ್ಲ. ಮೆಟ್ಟಿಲು ಗುಡಿಸುವವನು ತಿರುಗಿ ನೋಡಿದ.

"ಮೂರನೇ ಚರಣದಲ್ಲಿ ಹಾಳೆ ಇಳಿ ಅನ್ನುತ್ತೆ" ಎಂದರು ಅಮ್ಮ. "ನೀನು ಇಳೀಲಿಲ್ಲ. ನನ್ನ ಕಿವಿಗಿಂತ ನಿನ್ನ ದನಿ ಮೇಲೆ ನಂಬಿಕೆ ನನಗೆ. ಅದಕ್ಕೆ ನಾನೂ ನಿಂತೆ."

"ನೀವು ಇಳೀಲಿಲ್ಲ ಅಂತ ನಾನು ನಿಂತೆ."

ಬಾಗಿಲಲ್ಲಿ ಎದುರಾದ ಇಬ್ಬರು, ನೀವು ಮೊದಲು ಹೋಗಿ, ಇಲ್ಲ ನೀವು ಮೊದಲು ಎಂದು ನಿಂತ ಹಾಗೆ, ನಾವಿಬ್ಬರೂ ಆ ಸ್ವರದ ಹೊಸ್ತಿಲಲ್ಲಿ ವಾರಗಟ್ಟಲೆ ನಿಂತಿದ್ದೆವು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು.

"ಹಂಗಾದ್ರೆ ಮಿಕ್ಕಿದ್ದೆಲ್ಲ ಸರಿಯಾಗೇ ಹಾಡಿದ್ವಲ್ಲ. ನೀನು ನನ್ನ ಹಿಂದೆ, ನಾನು ನಿನ್ನ ಹಿಂದೆ. ಮುಂದೆ ಇದ್ದೋರು ಯಾರು?"

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ನಮ್ಮ ಬೀದಿ ದಾಟಿ ಮುಂದಿನ ಬೀದಿಗೆ ಹೋಗಿಬಿಟ್ಟಿದ್ದೆ.

ಸೆಪ್ಟೆಂಬರ್ 6, ಭಾನುವಾರ

ಗಡಿಯಾರದಮ್ಮನ ಮನೆಗೆ ಹೋದೆ. ಒಂದೇ ಕೋಣೆ, ಗೋಡೆ ತುಂಬ ಗಡಿಯಾರ. ಗಂಡ ಬಿಟ್ಟುಹೋದವು ಹನ್ನೊಂದು. ಭಾನುವಾರ ಎಲ್ಲಕ್ಕೂ ಕೀಲಿ ಕೊಡುತ್ತಾರೆ. ಮೊದಲೆಲ್ಲ ಬಾಗಿಲು ತೆರೆಯುವಾಗಲೇ ಯಾವುದು ನಿಂತಿದೆ ಎಂದು ಗೊತ್ತಾಗುತ್ತಿತ್ತಂತೆ. ಈಗ ಒಂದೊಂದರ ಮೇಲೂ ಅಂಗೈ ಇಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ನೋಡುತ್ತಾರೆ.

ಆ ಟಿಕ್‌ಟಿಕ್‌ಗಳ ನಡುವೆ ಹಾಳೆ ಹರಡಿಕೊಂಡು ಕುಳಿತೆವು. "ಇದು ನಿನ್ನ ಕಣ್ಣಿಗೆ ಹೇಗೆ ಕಾಣುತ್ತೆ ಹೇಳು" ಎಂದರು. ಐದು ಹಗ್ಗಕ್ಕೆ ಕಾಲುಚೀಲ ಒಣಹಾಕಿದ ಹಾಗೆ ಎಂದೆ. ಅಮ್ಮ ಸಿಟ್ಟಾಗಲಿಲ್ಲ. "ಸರಿ ಮತ್ತೆ. ಕೆಳಗಿನ ಹಗ್ಗದಲ್ಲಿದ್ರೆ ದನಿ ಕೆಳಗೆ, ಮೇಲಿನ ಹಗ್ಗದಲ್ಲಿದ್ರೆ ಮೇಲೆ. ಹಗ್ಗದಿಂದ ಸಂದಿಗೆ ಒಂದು ಮೆಟ್ಟಿಲು, ಸಂದಿಯಿಂದ ಹಗ್ಗಕ್ಕೆ ಇನ್ನೊಂದು. ಬಿಳಿ ಚೀಲ ದಪ್ಪ, ಒಣಗೋದು ನಿಧಾನ, ಉದ್ದ ಹಿಡಿ. ಕರಿ ಚೀಲ ಬೇಗ ಒಣಗುತ್ತೆ."

ಇಷ್ಟೇನಾ ಎಂದೆ. "ಇಷ್ಟೇ ಅಲ್ಲ, ಆದ್ರೆ ಅಕ್ಟೋಬರಿಗೆ ಇಷ್ಟು ಸಾಕು."

ನಾನು ಹಾಡುವಾಗ ಅಮ್ಮ ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದರು.

ಸೆಪ್ಟೆಂಬರ್ 11, ಶುಕ್ರವಾರ

ಲಾಂಡ್ರಿಯ ಹಿತ್ತಲಿನ ಹಗ್ಗಗಳಿಗೆ ಮೂರನೇ ಚರಣವನ್ನು ಒಣಹಾಕಿದೆ. ನಿಜವಾಗಿ. ಶಾಲಾ ಮಕ್ಕಳ ಕಾಲುಚೀಲ ಬಂದಿದ್ದವು, ಬಿಳಿಯವು, ಕರಿಯವು. ಹಾಳೆಯಲ್ಲಿದ್ದ ಹಾಗೆಯೇ ಕ್ಲಿಪ್ಪು ಹಾಕಿ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಓದುತ್ತ ಹಾಡುತ್ತ ಹೋದೆ. ಇಳಿಯುವ ಜಾಗದಲ್ಲಿ ಒಂದು ಸಣ್ಣ ಕರಿ ಚೀಲ, ಹೆಬ್ಬೆರಳ ಹತ್ತಿರ ತೂತು. ಗಾಳಿ ಬಂದು ಇಡೀ ಹಾಡು ಅಲ್ಲಾಡಿತು.

ಯಜಮಾನಿ ಕಿಟಕಿಯಿಂದ ನೋಡುತ್ತಿದ್ದರು. "ಜೋಡಿ ಜೋಡಿಯಾಗಿ ಹಾಕೋದು ಬಿಟ್ಟು ಇದೇನೇ ಹೊಸ ಶಿಸ್ತು?" ಎಂದರು. ಒಣಗಲಿ ಬಿಡಿ, ಒಣಗಿದ ಮೇಲೆ ಜೋಡಿ ಸಿಕ್ಕೇ ಸಿಗುತ್ತೆ ಎಂದೆ. ವ್ಯಾನಿನವನು ಇವತ್ತೂ ಕೂಗಾಡಲು ಬಂದ. ಹನ್ನೆರಡು ಗಂಟೆಗೆ ತಂದುಕೊಟ್ಟು ಒಂದು ಗಂಟೆಗೆ ಕೇಳಿದರೆ ಹಸಿ ಬಟ್ಟೆ ತೆಗೆದುಕೊಂಡು ಹೋಗು ಎಂದೆ. ಹೋದ. ಮಧ್ಯಾಹ್ನದ ಮೇಲೆ ಮೋಡ.

ಸೆಪ್ಟೆಂಬರ್ 16, ಬುಧವಾರ

ಮೂರನೇ ಚರಣ. ಇಳಿದೆ. ಇಳಿಯುವಾಗ ಮೊಣಕೈ ಒತ್ತಿದೆ, ಅಮ್ಮನೂ ಇಳಿದರು. ಮೇಷ್ಟ್ರು ನಿಲ್ಲಿಸಲಿಲ್ಲ. ಕೋಲು ಒಂದು ಗಳಿಗೆ ಗಾಳಿಯಲ್ಲಿ ತೂಗಿತು, ಅಷ್ಟೇ.

ಸೆಪ್ಟೆಂಬರ್ 18, ಶುಕ್ರವಾರ

ಕನಸು. ಚರ್ಚಿನ ತುಂಬ ನೀರು, ತಿಳಿಯಾಗಿ, ಕುತ್ತಿಗೆಯ ತನಕ. ಎಲ್ಲರ ನಿಲುವಂಗಿಗಳೂ ಬಿಳಿ ಎಲೆಗಳ ಹಾಗೆ ತೇಲುತ್ತಿವೆ. ಯಾರೂ ಹಾಡುತ್ತಿಲ್ಲ, ಹಾಡು ಮಾತ್ರ ಇದೆ. ಎದ್ದಾಗ ಗಂಟಲಿನಲ್ಲಿ ಆ ಸ್ವರ ಇತ್ತು. ನಾಳೆ ಪರೀಕ್ಷೆ.

ಸೆಪ್ಟೆಂಬರ್ 19, ಶನಿವಾರ

ಚರ್ಚಿನ ಹಿಂದಿನ ಹಾಲ್. ಒಳಗೆ ಪಿಯಾನೋ ಮುಂದೆ ಮೇಷ್ಟ್ರು ಒಬ್ಬರೇ, ನಾವೆಲ್ಲ ಹೊರಗೆ ಬೆಂಚಿನಲ್ಲಿ. ಗಡಿಯಾರದಮ್ಮನನ್ನು ಮೊದಲು ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಪಿಯಾನೋದಲ್ಲಿ ಮೊದಲ ಸ್ವರ ಬಂತು. ಅಮ್ಮ ಬೇರೆ ಸ್ವರದಲ್ಲಿ ಶುರು ಮಾಡಿದರು. ಹಾಗೇ ಮುಗಿಯುವ ತನಕ ಹಾಡಿದರು. ಎಲ್ಲಿ ಏರಬೇಕೋ ಅಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿದು, ಒಂದು ಅಕ್ಷರ ತಪ್ಪದೆ. ಇಡೀ ಮನೆಯನ್ನು ಪಕ್ಕದ ನಿವೇಶನದಲ್ಲಿ ಕಟ್ಟಿದ ಹಾಗೆ. ಚಂದವಾಗಿತ್ತು. ಸ್ವರ ಬೇರೆಯಾದದ್ದು ಅವರಿಗೆ ಗೊತ್ತಿರಲಿಲ್ಲ.

"ಇನ್ನೊಂದು ಸಲ ಅಮ್ಮಾ" ಎಂದರು ಮೇಷ್ಟ್ರು, ಮೆತ್ತಗೆ. ಅವರು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮನಿಗೆ ಅದೂ ಕೇಳಿಸಲಿಲ್ಲ.

ನಾನು ಒಳಗೆ ಹೋದೆ.

"ನಿನ್ನನ್ನ ಕರೆದೆನಾ?"

"ಇಲ್ಲ ಮೇಷ್ಟ್ರೇ. ಅವರ ಬಲಗಡೆ ನಿಂತು ನಾನು ಮೊದಲ ಸ್ವರ ಕೊಡ್ತೀನಿ. ಅಷ್ಟು ಕೊಟ್ರೆ ಸಾಕು ಅವರಿಗೆ."

ಅವರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಪಿಯಾನೋ ಕಡೆ ಕೈ ತೋರಿಸಿದರು. ನಾನು ಹಾಳೆ ನೋಡಿ ಸ್ವರ ಹಿಡಿದೆ. ಅಮ್ಮನ ದನಿ ಬಂದು ಸೇರಿತು. ಹಾಡುತ್ತ ಹೋದೆವು. ನನಗೆ ಕಾಲುಚೀಲಗಳು ಕಾಣುತ್ತಿದ್ದವು, ಆ ತೂತಿನದೂ. ಮುಗಿದ ಮೇಲೆ ತಿರುಗಿದರೆ ಅಮ್ಮ ಬಾಯಿ ಮುಚ್ಚಿಕೊಂಡು ಕೈ ಕಟ್ಟಿ ನಿಂತಿದ್ದರು. ಯಾವಾಗ ನಿಲ್ಲಿಸಿದರೋ ನನಗೆ ತಿಳಿಯದು. ಕೇಳಿದರೆ, "ಎರಡನೇ ಸಾಲಲ್ಲೇ" ಎಂದರು.

ಆಮೇಲೆ ಮೇಷ್ಟ್ರಿಗೆ ತಾವೇ ಹೇಳಿದರು. "ನನಗೆ ಕಿವಿ ಕೇಳಿಸಲ್ಲ ಮೇಷ್ಟ್ರೇ. ಇವಳ ಬೆನ್ನಿಗೆ ಜೋತುಬಿದ್ದು ಎರಡು ವರ್ಷ ಕಳೆದೆ. ನನ್ನ ಹೆಸರು ತೆಗೀರಿ. ಇವಳದು ಇರಲಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಪಟ್ಟಿಯಲ್ಲಿ ಅಮ್ಮನ ಹೆಸರಿನ ಮೇಲೆ ಗೆರೆ ಎಳೆದು, ನನ್ನದನ್ನು ಉಳಿಸಿದರು.

ಸೆಪ್ಟೆಂಬರ್ 23, ಬುಧವಾರ

ಅಭ್ಯಾಸಕ್ಕೆ ಹೋಗಲಿಲ್ಲ.

ನಿನ್ನನ್ನೇ ಕೇಳುತ್ತಿದ್ದೇನೆ. ನಲವತ್ತು ವರ್ಷ ನಿನಗಾಗಿ ಹಾಡಿದವರ ಕಿವಿಯೇ ಬೇಕಾಗಿತ್ತೇ? ಬೇರೆ ಏನೂ ಸಿಗಲಿಲ್ಲವೇ ತೆಗೆದುಕೊಳ್ಳಲು? ಅವರ ಖಾಲಿ ಜಾಗದ ಪಕ್ಕ ನಿಂತು ನಾನು ಯಾವ ಬಾಯಲ್ಲಿ ಹಾಡಲಿ? ನೀನು ಉತ್ತರ ಕೊಡುವ ತನಕ ನಾನು ಬರುವುದಿಲ್ಲ. ಉಗಿ ತಾಗಿ ಕೈ ಸುಟ್ಟಿದೆ, ಅದನ್ನೂ ನೋಡಿಕೋ.

ಸೆಪ್ಟೆಂಬರ್ 24, ಗುರುವಾರ

ಬೆಳಿಗ್ಗೆ ಗಡಿಯಾರದಮ್ಮ ಲಾಂಡ್ರಿಗೇ ಬಂದರು. ಉಗಿಯೊಳಗಿಂದ ಅವರ ಕೊಡೆ ಮೊದಲು ಕಾಣಿಸಿತು.

"ಏನೇ, ನಿನ್ನೆ ಹೋಗಿಲ್ವಂತೆ?" ಯಜಮಾನಿ ಮುಂದೆಯೇ ಬೈದರು. "ಕೆಳಗೆ ಕೂತು ನಾನು ಯಾರನ್ನ ನೋಡಲಿ, ಮೇಷ್ಟ್ರ ಬೆನ್ನನ್ನಾ?"

ನೀವಿಲ್ಲದೆ ನನಗೆ ಆಗುವುದಿಲ್ಲ, ಆಮೆನ್‌ನಲ್ಲಿ ಉಸಿರು ಸಾಲದು ಎಂದು ಅವರ ಬಲಗಿವಿಯ ಹತ್ತಿರ ಹೇಳಿದೆ.

"ಅದಕ್ಕೇನಂತೆ. ಮುಂದಿನ ಬೆಂಚಿನ ಕೊನೇಲಿ ಕೂರ್ತೀನಿ, ಮರದ ಕಟಕಟೆ ಪಕ್ಕ. ಆರ್ಗನ್ನು ಬಾರಿಸಿದ್ರೆ ಆ ಮರ ನಡುಗುತ್ತೆ, ಕೈ ಇಟ್ರೆ ಗೊತ್ತಾಗುತ್ತೆ. ಉಸಿರು ಮುಗೀತಾ ಬಂದಾಗ ನೀನು ಮೊಣಕೈ ಆಡಿಸು. ಅಲ್ಲಿಂದ ನಾನು ಹಿಡೀತೀನಿ."

"ಸ್ವರ ಬೇರೆ ಹಿಡಿದ್ರೆ?"

"ಹಿಡಿದ್ರೆ ಏನು? ನಾನು ಬೆಂಚಿನೋಳು. ಬೆಂಚಿನೋರಿಗೆ ಪರೀಕ್ಷೆ ಇಲ್ಲ." ಯಜಮಾನಿ ನಕ್ಕುಬಿಟ್ಟರು. ನನಗೂ ನಗು ಬಂತು. ಹೋಗುವ ಮೊದಲು ಅಮ್ಮ ನನ್ನ ಸುಟ್ಟ ಕೈಗೆ ಮುಲಾಮು ಹಚ್ಚಿದರು. ನಾನು ಅವರಿಗೆ ಅದರ ಬಗ್ಗೆ ಹೇಳಿರಲಿಲ್ಲ.

ಅಕ್ಟೋಬರ್ 3, ಶನಿವಾರ

ನನ್ನ ಎಡಗಡೆಗೆ ಹೊಸಬಳೊಬ್ಬಳು ಬಂದಿದ್ದಾಳೆ, ದರ್ಜಿ ಹೆಂಗಸು. ಒಳ್ಳೆಯವಳು. ಆದರೆ ಏನೋ ಸರಿ ಇಲ್ಲ, ನಾನು ದನಿ ಎತ್ತಿದ ಮೇಲೆಯೇ ಅವಳು ಎತ್ತುತ್ತಾಳೆ. ಮೇಷ್ಟ್ರಿಗೆ ಹೇಳಬೇಕೋ ಬೇಡವೋ.

ಅಕ್ಟೋಬರ್ 10, ಶನಿವಾರ

ನೂರಿಪ್ಪತ್ತು ನಿಲುವಂಗಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ಮುಗಿಸಿದೆ. ಗಡಿಯಾರದಮ್ಮನದು ಗಂಟಿನಲ್ಲಿ ಇರಲಿಲ್ಲ. ಚರ್ಚಿನ ಕಪಾಟಿನಿಂದ ನಾನೇ ಕೇಳಿ ತಂದೆ. ಬಲಗಡೆಯ ಕುತ್ತಿಗೆಪಟ್ಟಿ ಸವೆದಿದೆ, ಅಮ್ಮ ಯಾವಾಗಲೂ ತಲೆಯನ್ನು ನನ್ನ ಕಡೆ ವಾಲಿಸಿ ಹಾಡುತ್ತಿದ್ದುದರಿಂದ. ಇಷ್ಟು ದಿನ ಅದನ್ನು ಬರಿಯ ಸವೆತ ಎಂದುಕೊಂಡು ಇಸ್ತ್ರಿ ಮಾಡಿದ್ದೆ. ಇವತ್ತು ಅದರ ಮೇಲೆ ಪೆಟ್ಟಿಗೆಯನ್ನು ನಿಧಾನವಾಗಿ ಎಳೆದೆ. ಮಡಿಸಿ, ಕಾಗದದಲ್ಲಿ ಸುತ್ತಿ ಅವರ ಮನೆಗೆ ಕೊಟ್ಟು ಬಂದೆ.

"ಬೆಂಚಿನೋರು ಇದನ್ನ ಹಾಕ್ಕೋಬಾರದು ಅಲ್ವೇನೇ?"

"ಬೆಂಚಿನೋರಿಗೆ ಪರೀಕ್ಷೆ ಇಲ್ಲ ಅಮ್ಮ."

ಅಕ್ಟೋಬರ್ 11, ಭಾನುವಾರ

ಎಲ್ಲ ನೆನಪಿರುವಾಗಲೇ ಬರೆಯುತ್ತೇನೆ.

ಜನ ಗೋಡೆಗೆ ಒರಗಿಕೊಂಡು ನಿಂತಿದ್ದರು. ಅಣ್ಣ ಗ್ಯಾರೇಜಿನ ಕಪ್ಪು ಉಗುರುಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಅತ್ತಿಗೆಯ ಪಕ್ಕದಲ್ಲಿದ್ದ. ಮುಂದಿನ ಬೆಂಚಿನ ಕೊನೆಯಲ್ಲಿ, ಬಣ್ಣಬಣ್ಣದ ಬಟ್ಟೆಗಳ ನಡುವೆ ಒಂದೇ ಒಂದು ಬಿಳಿ ನಿಲುವಂಗಿ. ಅದರ ಅಂಗೈ ಕಟಕಟೆಯ ಮೇಲೆ. ಪಾದ್ರಿಗಳು ನೋಡಿದರು, ಮೇಷ್ಟ್ರು ನೋಡಿದರು. ಮೇಷ್ಟ್ರು ಕೋಲು ಎತ್ತಿದರು.

ಹಾಡು ಶುರುವಾಯಿತು. ಮೂರನೇ ಚರಣ ಬಂದದ್ದು, ಹೋದದ್ದು ಗೊತ್ತಾಗಲಿಲ್ಲ. ಬಿಸಿಲು ಗಾಜಿನಿಂದ ಇಳಿದು ಸಾಲು ಸಾಲಾಗಿ ಹತ್ತಿ ಬಂತು. ನಲವತ್ತು ನಿಮಿಷ ಎಲ್ಲಿ ಹೋಯಿತೋ. ಆಮೆನ್ ಬಂತು. ನಮ್ಮ ಸ್ವರ ಹಿಡಿದೆವು. ಅದರ ಮೇಲೆ ಗಂಡಸರ ದನಿ, ಅದರ ಮೇಲೆ ಹೆಂಗಸರ ಮೇಲ್ದನಿ ಏರುತ್ತ ಹೋಯಿತು. ಕಾಲ ಕೆಳಗಿನ ಹಲಗೆ ನಡುಗುತ್ತಿತ್ತು. ಆ ನಡುಕ ಕಟಕಟೆಯ ಮರಕ್ಕೂ ಹೋಗಿರಬೇಕು, ಅಮ್ಮನ ಅಂಗೈಗೂ.

ಉಸಿರು ಮುಗಿಯುತ್ತ ಬಂತು. ನಾನು ಮೊಣಕೈ ಆಡಿಸಿದೆ. ಎಡಗಡೆಯವಳು ತನಗೇ ಎಂದುಕೊಂಡು ಬಿಗಿಹಿಡಿದಳು, ಪಾಪ. ಆದರೆ ನಾನು ನೋಡುತ್ತಿದ್ದದ್ದು ಕೆಳಗೆ. ಬೆಂಚಿನ ಕೊನೆಯಲ್ಲಿ ಗಡಿಯಾರದಮ್ಮ ಎದ್ದು ನಿಂತರು. ತಲೆ ಬಲಕ್ಕೆ ವಾಲಿತು, ಅಲ್ಲಿ ಯಾರೂ ಇರಲಿಲ್ಲ. ಬಾಯಿ ತೆರೆದರು.

ಅವರು ಯಾವ ಸ್ವರ ಹಿಡಿದರೋ ಇಷ್ಟು ದೊಡ್ಡ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವರಿಗೂ ಕೇಳಿಸಿರಲಾರದು. ಯಾರಿಗೆ ಕೇಳಿಸಬೇಕೋ ಅವರಿಗೆ ಕೇಳಿಸಿರುತ್ತದೆ.

ನಾನು ಅವಸರವಿಲ್ಲದೆ, ಎದೆ ತುಂಬ ಉಸಿರೆಳೆದುಕೊಂಡೆ.